ಭಾನುವಾರ ನಿಮಗೆ ಕೊಟ್ಟ ಬಿಯರು

ಹ್ಯಾಲಿಫ್ಯಾಕ್ಸ್, ಗುರುವಾರ

ಮಾನ್ಯ ಕ್ರಾಬ್‌ಟ್ರೀ ಅವರಿಗೆ,

ಎದುರು ನಿಂತು ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ಕಳೆದ ವರ್ಷ ಕಾರ್ಖಾನೆ ಮುಚ್ಚಿ, ನೀವು ಮೂವತ್ತು ವರ್ಷ ತಯಾರಿಸಿದ ‘ಓಲ್ಡ್ ಟೀಸಲ್’ ಬಿಯರು ಸಿಗದಂತಾದಾಗ, ಅದನ್ನು ಮನೆಯಲ್ಲೇ ಮಾಡುತ್ತೇನೆಂದು ಪಬ್ಬಿನಲ್ಲಿ ಜಂಬ ಕೊಚ್ಚಿದವನು ನಾನೇ. ನೀವು ಹೇಳಿದ ಬಾರ್ಲಿ ಮಾಲ್ಟನ್ನೇ ತಂದು ಬಿಸಿನೀರಿನಲ್ಲಿ ನೆನೆಸಿದೆ, ಸೋಸಿದೆ, ಕಹಿಗೆಂದು ಹಾಪ್ಸ್ ಹೂ ಹಾಕಿ ಕುದಿಸಿದೆ. ನಾಲ್ಕು ಸಲ ಮಾಡಿದರೂ ಬೇಯಿಸಿದ ಕೋಸಿನ ವಾಸನೆ ಹೋಗಲಿಲ್ಲ.

ಭಾನುವಾರ ನಿಮ್ಮ ಗ್ಲಾಸಿಗೆ ಸುರಿದದ್ದು ನಾನು ಮಾಡಿದ್ದಲ್ಲ. ನನ್ನ ಮನೆಯ ನೆಲಮಾಳಿಗೆಯಲ್ಲಿ ಉಳಿದಿದ್ದ ನಿಮ್ಮದೇ ‘ಓಲ್ಡ್ ಟೀಸಲ್’ನ ಕೊನೆಯ ಬಾಟಲಿ. ಅದರ ಲೇಬಲ್ ಕಿತ್ತು ಪಬ್ಬಿಗೆ ತಂದಿದ್ದೆ.

ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟಿರಿ. ಆಮೇಲೆ ಎಲ್ಲರೆದುರು, “ನಂದಕ್ಕಿಂತ ಇದೇ ಚೆನ್ನಾಗಿದೆ ಕಣಯ್ಯಾ. ಇಷ್ಟು ವರ್ಷ ಅಲ್ಲಿ ನಾನೇನು ಕಿಸಿದೆ ಹಾಗಾದ್ರೆ?” ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನೆ ಪಬ್ಬಿನಲ್ಲಿ ನಿಜ ಹೇಳಿದೆ. “ನಮಗ್ಯಾಕೆ ಹೇಳ್ತೀಯಾ? ಹೋಗಿ ಆ ಮುದುಕನಿಗೆ ಹೇಳು” ಎಂದು ಒಡತಿ ಡೋರೀನ್ ನನ್ನ ಮುಂದಿದ್ದ ಗ್ಲಾಸು ಎತ್ತಿಕೊಂಡು ಹೋದಳು.

ಶನಿವಾರ ಐದನೇ ಸಲ ಮಾಡುತ್ತಿದ್ದೇನೆ. ಕುದಿಸುವಾಗ ಪಾತ್ರೆಗೆ ಮುಚ್ಚಳ ಹಾಕಬಹುದೇ, ಇಲ್ಲ ಆ ಕೋಸಿನ ವಾಸನೆ ಒಳಗೇ ಉಳಿಯುವುದು ಅದರಿಂದಲೇ, ದಯವಿಟ್ಟು ತಿಳಿಸಿ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಡೋರೀನ್ ಹತ್ತಿರ ಹೇಳಿ ಕಳಿಸಿದರೂ ಸಾಕು. ಆದರೆ ಇದೊಂದನ್ನು ನಂಬಿ: ಅಂದು ನೀವು ಹೊಗಳಿದ್ದು ನಿಮ್ಮ ಕೈಯ ಕೆಲಸವನ್ನೇ.

ತಲೆ ಎತ್ತಲಾಗದ,
ನಾರ್ಮನ್ ಸಗ್ಡನ್