ವೆನ್‌ಬ್ರೂಕಿನ ನಾಲ್ವರು

ವೆನ್‌ಬ್ರೂಕ್ ಕನ್ಯಾಮಠ,
ಸಂತ ಮಾರ್ಟಿನರ ಹಬ್ಬದ ಮರುದಿನ, ೧೩೫೦

ಅಮ್ಮನಿಗೆ ಅಮಾಬೆಲ್ ಮಾಡುವ ವಂದನೆಗಳು.

ನಿನ್ನ ಪತ್ರ ಸುಗ್ಗಿಯಲ್ಲೇ ಕೈಸೇರಿತ್ತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಕೊಯ್ಲಿಗೆ ಆಳುಗಳು ಸಿಗದೆ ನಾವೇ ಕುಡುಗೋಲು ಹಿಡಿದೆವು. ಮಹಾಮಾರಿ ಬಂದು ಹೋದ ಮೇಲೆ ಮಠದಲ್ಲಿ ಉಳಿದವರು ನಾಲ್ಕೇ ಜನ. ಹಿರಿಯಮ್ಮನೂ ತೀರಿಕೊಂಡರು. ಮಠ ನಡೆಸಲು ಯಾರಾದರೂ ಬೇಕಲ್ಲ ಎಂದು ಉಳಿದ ಮೂವರು ಸೇರಿ ನನ್ನನ್ನೇ ಹಿರಿಯಮ್ಮನಾಗಿ ಆರಿಸಿದರು. ನಗಬೇಡ.

ಕಳೆದ ವಾರ ಬಿಷಪ್ಪರ ಅಧಿಕಾರಿ ಬಂದಿದ್ದರು. ನಾಲ್ಕು ಜನಕ್ಕೊಂದು ಮಠವೇಕೆ, ಇದನ್ನು ಮುಚ್ಚಿ ನಿಮ್ಮನ್ನು ಪಟ್ಟಣದ ದೊಡ್ಡ ಮಠಕ್ಕೆ ಸೇರಿಸುತ್ತೇವೆ ಎಂದರು. ಗಂಟೆಯನ್ನೂ ನಮ್ಮನ್ನೂ ಹೇರಿಕೊಂಡು ಹೋಗಲು ಊರಿನ ವಾಟ್‌ನ ಎತ್ತಿನ ಗಾಡಿಯನ್ನು ಗೊತ್ತುಮಾಡಿದ್ದರು. ನನ್ನನ್ನು ಆರಿಸಲು ಅಪ್ಪಣೆ ಕೊಟ್ಟವರು ಯಾರು ಎಂದು ಗದರಿದರು.

"ಕೇಳೋಣ ಅಂದ್ರೆ ಆಗ ನೀವ್ಯಾರೂ ಈ ಕಡೆ ತಲೆ ಹಾಕ್ಲಿಲ್ಲವಲ್ಲ ಸ್ವಾಮಿ," ಎಂದೆ. "ಊರಿನ ಪಾದ್ರಿನೂ ಓಡಿಹೋಗಿದ್ರು. ಹೆಣ ತೊಳೆದು ಮಣ್ಣು ಮಾಡಿದೋರು ನಾವು."

ಅವರ ಮುಖ ಕೆಂಪೇರಿತು. ಗಂಟೆ ಇಳಿಸು ಎಂದು ವಾಟ್‌ಗೆ ಹೇಳಿದರು. ಹಣ್ಣು ಮುದುಕಿ ಸಿಸ್ಟರ್ ಹಾವಿಸ್ ಗಂಟೆಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನೆಲದ ಮೇಲೆ ಕೂತೇಬಿಟ್ಟಳು. ನನ್ನನ್ನೂ ಸೇರಿಸಿ ಹೊತ್ತುಕೊಂಡು ಹೋಗಪ್ಪ ಎಂದಳು. ವಾಟ್ ಹೊರಗೆ ಹೋಗಿ ಎತ್ತುಗಳ ನೊಗ ಕಳಚಿದ.

"ನನ್ ಹೆಂಡ್ತಿ ಕಣ್ಣು ಮುಚ್ಚಿದ್ದು ಈ ಮುದುಕಿ ತೊಡೆ ಮೇಲೆ," ಎಂದ. "ಗಾಡಿ ಬೇಕಾದ್ರೆ ಇಟ್ಕೊಳ್ಳಿ. ಎತ್ತು ಬರಲ್ಲ."

ಅಧಿಕಾರಿ ಬರಿಗೈಯಲ್ಲಿ ಕುದುರೆ ಹತ್ತಿದರು. ಚಳಿಗಾಲ ಕಳೆದ ಮೇಲೆ ತಮ್ಮ ಆಳುಗಳನ್ನೇ ಕರೆತರುತ್ತಾರಂತೆ. ಬರಲಿ. ಊರಿನ ಇಬ್ಬರು ವಿಧವೆಯರು ಮಠ ಸೇರುತ್ತೇವೆಂದು ಕೇಳಿದ್ದಾರೆ. ನಾನು ಹೂಂ ಎಂದಿದ್ದೇನೆ. ಅದಕ್ಕೂ ಯಾರ ಅಪ್ಪಣೆಯನ್ನೂ ಕೇಳಿಲ್ಲ.

ಈಗ ಹಿರಿಯಮ್ಮನಾದ್ದರಿಂದ ಹರಸುವ ಹಕ್ಕು ನನಗೂ ಇದೆ. ದೇವರು ನಿನ್ನ ಮಂಡಿನೋವು ಇಳಿಸಲಿ, ಈ ಚಳಿ ನಿನ್ನನ್ನು ಹೆಚ್ಚು ಕಾಡದಿರಲಿ.

ನಿನ್ನ ಮಗಳು,
ಅಮಾಬೆಲ್

ಇನ್ನೊಂದು ಮಾತು: ಮಹಾಮಾರಿಯಿಂದ ಮಠ ಮುಚ್ಚಿಹೋದರೆ ಮನೆಗೆ ಬಂದುಬಿಡು ಎಂದು ನೀನು ಆ ಪತ್ರದಲ್ಲಿ ಬರೆದಿದ್ದೆ. ನೀನೂ ಅಪ್ಪನೂ ನನ್ನನ್ನು ಇಲ್ಲಿ ಬಿಟ್ಟುಹೋದಾಗ ನನಗೆ ಏಳು ವರ್ಷ. ಮರುವರ್ಷ ತಂಗಿ ಹುಟ್ಟಿದಳೆಂದೂ ಅವಳಿಗೂ ಅಮಾಬೆಲ್ ಎಂದೇ ಹೆಸರಿಟ್ಟಿರೆಂದೂ ಉಣ್ಣೆ ವ್ಯಾಪಾರಿಯ ಬಾಯಿಂದ ಕೇಳಿದೆ. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಾರೆ, ನನಗೂ ಗೊತ್ತು. ನಾನು ಸತ್ತಿರಲಿಲ್ಲ ಅಮ್ಮ. ನಿನ್ನ ಮನೆಯಲ್ಲಿ ಒಬ್ಬ ಅಮಾಬೆಲ್ ಇದ್ದಾಳೆ. ಇಲ್ಲಿ ಆ ಹೆಸರಿನವಳು ನಾನೊಬ್ಬಳೇ. ನಾನು ಬರುವುದಿಲ್ಲ.