ಮಾವನವರ ಅಂಬಾಸಿಡರ್ ತಯಾರಾಗಿದೆ

ವಿಜಯಪುರ
೧೮ ಆಗಸ್ಟ್ ೨೦೨೪, ರವಿವಾರ

ಮನೆಯವರಿಗೆ ಮಾಲಾ ಮಾಡುವ ನಮಸ್ಕಾರಗಳು.

ನಾನು, ಅತ್ತೆ ಇಬ್ಬರೂ ಇದ್ದೇವೆ. ಆರಾಮ ಇದ್ದೇವೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಪಂಚಮಿಗಿಂತ ಮೊದಲೇ ಬರೆಯಬೇಕಾಗಿತ್ತು, ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಫೋನ್ ಇದ್ದೂ ಕಾಗದ ಯಾಕೆ ಎಂದು ನಗಬೇಡಿ. ನಾನು ಬಾಯಿ ತೆರೆಯುವಷ್ಟರಲ್ಲಿ "ಡ್ಯೂಟಿ ಮ್ಯಾಗ ಅದೀನಿ, ಆಮ್ಯಾಲ ಮಾಡ್ತೇನಿ" ಎಂದು ಇಟ್ಟುಬಿಡುತ್ತೀರಿ. ನಿಮ್ಮ ರೂಮಿನ ವಿಳಾಸ ನನಗೆ ಕೊಟ್ಟೇ ಇಲ್ಲ, ಅದಕ್ಕೆ ಇದನ್ನು ಪುಣೆಯ ಕಂಪನಿಗೇ ಹಾಕುತ್ತಿದ್ದೇನೆ.

ಮೊದಲು ಗಾಡಿ ಸುದ್ದಿ. ಮಾವನವರ ಅಂಬಾಸಿಡರ್ ತಯಾರಾಗಿದೆ. ಯುಗಾದಿಗೆ ಬಂದಾಗ ನೀವು ಬೇವಿನ ಗಿಡದ ಕೆಳಗೆ ಅದರ ತಾಡಪತ್ರಿ ಸರಿಸಿ ಹೇಳಿದ್ದಿರಿ: "ಅಪ್ಪನ ಗಾಡಿ ಒಂದ ತಯಾರ ಆಗ್ಲಿ ಮಾಲಾ, ಪುಣೆ ನೌಕರಿಗಿ ಕೈ ಮುಗದು ಬಂದಬಿಡ್ತೇನಿ. ಟಿಕೋಟಾ, ಬಬಲೇಶ್ವರ ಕಡೆ ಮದವಿ ಬಾಡಿಗಿ ಹೊಡಕೋತ ಇಬ್ರೂ ಕೂಡಿ ಇರೂಣು." ಆ ಒಂದು ಮಾತಿಗೆ ಜೋತುಬಿದ್ದು ನಾನು ದಿನಾ ಗ್ಯಾರೇಜಿಗೆ ಅಲೆದೆ. ನೀವು ಮನೆಗೆ ಬರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ನಿಮ್ಮ ಸಾಲೆಯ ಗೆಳೆಯ ತೌಸೀಫನೇ ತಗಡಿನ ಕೆಲಸವೆಲ್ಲ ಮಾಡಿದ. ಮೇಲಿಂದ ನೋಡಿದರೆ ಗಾಡಿಗೆ ಏನೂ ಆಗಿರಲಿಲ್ಲ. ಮೊದಲ ದಿನ ಮನೆಗೇ ಬಂದು ಅವನು ಮುಂದಿನ ರಬ್ಬರ್ ಚಾಪೆ ಎತ್ತಿ ಸ್ಕ್ರೂಡ್ರೈವರಿನಿಂದ ಚುಚ್ಚಿದ. ಅದು ತಳ ದಾಟಿ ಸೀದಾ ಮಣ್ಣಿಗೆ ನೆಟ್ಟಿತು. ಹಳೆಯ ಹಪ್ಪಳದ ಹಾಗೆ ಪುಡಿ ಪುಡಿ. "ವೈನಿ, ಇದರಾಗ ಕಾಲಿಟ್ರ ನೀವು ರಸ್ತಾದ ಮ್ಯಾಗ ಓಡಬೇಕಾಗ್ತೈತಿ ನೋಡ್ರಿ" ಎಂದು ನಗಿಸಿದ. ಆಮೇಲೆ ಅತ್ತೆಯ ಕಡೆ ತಿರುಗಿದ. ಪ್ರತಿ ಮಹಾನವಮಿಗೆ ಅತ್ತೆ ಗಾಡಿಯ ಒಳಗೂ ಕೊಡ ಕೊಡ ನೀರು ಸುರಿದು ತೊಳೆದು, ಒಣಗುವ ಮೊದಲೇ ಚಾಪೆ ಹಾಸಿಬಿಡುತ್ತಿದ್ದರಲ್ಲ, ಅದೇ ನೀರು ಕೆಳಗೆ ಕೂತು ತುಕ್ಕು ಹಿಡಿಸಿ ತಗಡನ್ನು ತಿಂದಿದೆ.

"ಯಮ್ಮಾ, ನೀವು ಗಾಡಿಗಿ ಪೂಜಿ ಮಾಡ್ತಿದ್ರ್ಯೋ, ಜಳಕಾ ಮಾಡಸ್ತಿದ್ರ್ಯೋ?"

"ಹಬ್ಬದ ದಿನ ಹೊಲಸ ಗಾಡಿಗಿ ಕಾಯಿ ಒಡೀಲೇನೋ? ನಿಮ್ಮ ಕಾಕಾ ಇದ್ದಾಗಿಂದ ಹಂಗ ನಡದೈತಿ. ಪೂಜಿ ಮಾಡಿದ್ರ ಜಂಗ ಹಿಡಿತೈತಿ ಅಂತ ಹೇಳಾಕ ಬಂದಾನ, ಶಾಣ್ಯಾ!"

ತಳವನ್ನು ಪೂರಾ ಕತ್ತರಿಸಿ ತೆಗೆದ. ರಟ್ಟಿನ ಮೇಲೆ ಅಳತೆ ಗೀಚಿ, ಹೊಸ ತಗಡು ಕೊಯ್ದು, ಬಡಿದು ಬಗ್ಗಿಸಿ ಕೂರಿಸಿದ. ಒಂದೇ ಕಡೆಯಿಂದ ವೆಲ್ಡಿಂಗ್ ಎಳೆದುಕೊಂಡು ಬಂದರೆ ತಗಡು ಕಾದು ಸೆಟೆದುಕೊಳ್ಳುತ್ತದಂತೆ. ಅದಕ್ಕೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು ಮತ್ತೆ ಹಾಕುತ್ತಿದ್ದ. ನನಗೋ ತಡೆಯಲಾರದ ಅವಸರ. "ಜಲ್ದಿ ಮುಗಸೋ, ಅವರು ಬರೂದೈತಿ" ಎಂದು ಬೆನ್ನು ಹತ್ತಿದ್ದೆ. ಅವನು ತಲೆ ಬಗ್ಗಿಸಿ ಇನ್ನೊಂದು ಚುಕ್ಕೆ ಹಾಕುತ್ತಿದ್ದ.

ಎಡಗಡೆಯ ಮಡಗಾರ್ಡಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಟಣ್ ಎನ್ನಲಿಲ್ಲ, ದಬ್ ಎಂದಿತು. ಕೆರೆದು ನೋಡಿದರೆ ಬರೀ ಪುಟ್ಟಿ. ಯಾರೋ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ. ಬಾಗಿಲುಗಳ ಬುಡದಲ್ಲಿ ಬೇವಿನ ಎಲೆ ಕೊಳೆತು ಕೆಸರಾಗಿತ್ತು. ಅದನ್ನು ನಾನೇ ಕೂತು ಕಡ್ಡಿಯಿಂದ ಕೆತ್ತಿ ತೆಗೆದೆ. ಉಗುರಿನ ಸಂದಿಯಲ್ಲೆಲ್ಲ ಜಂಗು. ಹೊಸ ತಳ ಕೂತ ದಿನ ಒಳಗೆ ಹತ್ತಿ ಎರಡೂ ಕಾಲಿಂದ ಧಬಧಬ ತುಳಿದೆ. ಎಷ್ಟು ಖುಷಿಯಾಗಿತ್ತು ಗೊತ್ತೇನ್ರಿ! ಪಂಚಮಿಗೆ ಬಂದೇ ಬರುತ್ತೀರೆಂದು ಶೇಂಗಾದ ಉಂಡಿ ಕಟ್ಟಿ ಡಬ್ಬಿಯಲ್ಲಿಟ್ಟೆ. ಇನ್ನೂ ಹಾಗೇ ಇವೆ.

ಶುಕ್ರವಾರ ಬಣ್ಣ ಆರಿತ್ತು. "ಅವರಿಗೆ ಬಂದು ಗಾಡಿ ಒಯ್ಯಾಕ ಹೇಳಲೇನು?" ಎಂದು ಕೇಳಿದೆ. ತೌಸೀಫ ನನ್ನ ಮುಖ ನೋಡಲಿಲ್ಲ. ನೆಟ್ಟಗಿದ್ದ ತಗಡನ್ನೇ ಮತ್ತೆ ಬಡಿಯತೊಡಗಿದ. ಒತ್ತಿ ಕೇಳಿದ ಮೇಲೆ ಹೇಳಿದ: "ರಾಜಾರಾಮ ಬರಂಗಿಲ್ರಿ ವೈನಿ. ಡ್ರೈವರ್ನ ಕಳಸ್ತಾನಂತ. ಗಾಡಿ ಪುಣೆಕ್ಕ ಹೋಗ್ತೈತಂತ. ನಿಮಗ ಹೇಳಿರ್ತಾನ ಅಂದಕೊಂಡಿದ್ನಿ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಅತ್ತೆ "ಕಣ್ಣ್ಯಾಕಬೇ ಹಿಂಗ ಬಾತಾವ?" ಎಂದರು. "ವೆಲ್ಡಿಂಗ್ ನೋಡಿದ್ನಿರಿ" ಎಂದೆ. ಪಾಪ, ಬಯ್ಯುತ್ತಲೇ ಬಟಾಟಿ ಹೋಳು ಮಾಡಿ ತಂದು ನನ್ನ ಕಣ್ಣ ಮೇಲಿಟ್ಟು ತಲೆ ಸವರಿದರು. ನನಗೆ ಇನ್ನಷ್ಟು ಅಳು ಬಂತು.

ಸಿಟ್ಟು ಬಂದಿದೆ, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ನಾಚಿಕೆ ಹೆಚ್ಚು. ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದುದು ನನಗೊಬ್ಬಳಿಗೇ ಗೊತ್ತಿರಲಿಲ್ಲ. ಬರುವುದಿಲ್ಲ ಎಂದು ಯುಗಾದಿಗೇ ಹೇಳಿದ್ದರೆ ನಾನೇನು ನಿಮ್ಮ ಕಾಲು ಕಟ್ಟಿ ಹಾಕುತ್ತಿದ್ದೆನೇ?

ಡ್ರೈವರ್ ಬರಲಿ, ಕೀಲಿ ಕೊಡುತ್ತೇನೆ. ಗಾಡಿ ನಿಮ್ಮಪ್ಪನದು. ಒಳಗೆ ಮಾತ್ರ ನೀರು ಸುರಿಸಬೇಡಿ. ಅತ್ತೆ ಆಶೀರ್ವಾದ ಹೇಳಿದ್ದಾರೆ. "ಹೊತ್ತಿಗಿ ಸರಿಯಾಗಿ ಉಣ್ಣು, ಮೈ ನೋಡಕೋ ಅಂತ ಬರಿ" ಎಂದರು, ಬರೆದಿದ್ದೇನೆ. ಎಲ್ಲಿದ್ದರೂ ತಣ್ಣಗಿರಿ.

ಮಾಲಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಅರ್ಧ ಮಾತಾಗುತ್ತದೆ.

ನಿನ್ನೆ ಗಾಡಿ ನೋಡಲು ಮತ್ತೆ ಹೋಗಿದ್ದೆ. ಪೇಂಟರ್ ಮಾಳು ಬ್ರಶ್ ಹಿಡಿದು ಹಿಂದಿನ ಗಾಜಿನ ಮುಂದೆ ಕೂತಿದ್ದ. ಮಕ್ಕಳ ಹೆಸರು ಬರೆಸುತ್ತಾರಲ್ಲ, ಅಲ್ಲಿ. ಅವನು ಊರಿಗೆ ಹೊಸಬ, ನಮ್ಮ ಮನೆಯ ವಿಷಯ ತಿಳಿಯದು. "ಅಕ್ಕಾರ, ಸಾಹೇಬ್ರು ಫೋನ್ ಮಾಡಿ ಪ್ರತಾಪ ಅಂತ ಬರಿ ಅಂದಾರ. ನಿಮ್ಮ ಮಗನ ಹೆಸರು ಛಲೋ ಐತ್ರಿ" ಎಂದ. ತೌಸೀಫ ಓಡಿ ಬಂದು "ಲೇ ಮಾಳು, ಚಾ ತರಾಕ ಹೋಗ" ಎಂದು ಗದರಿದ. ಅಷ್ಟರಲ್ಲಿ ನನಗೆ ಎಲ್ಲ ತಿಳಿದಿತ್ತು.

ಮಕ್ಕಳಾಗಲಿಲ್ಲವೆಂದು ನಾನು ಅತ್ತಾಗೆಲ್ಲ "ನನಗ ನೀ ಇದ್ರ ಸಾಕು" ಎನ್ನುತ್ತಿದ್ದವರು ನೀವು. ಅದನ್ನು ನಾನು ನಂಬಿದ್ದೆ. ಅತ್ತೆಗೆ ಇನ್ನೂ ಹೇಳಿಲ್ಲ. ಮೊಮ್ಮಗನಿದ್ದಾನೆ ಎಂದು ಅವರು ಯಾರ ಬಾಯಿಂದ ಕೇಳಬೇಕು, ನೀವೇ ಯೋಚಿಸಿ.

ಮಾಳುವನ್ನು ನಾನೇ ಕರೆದು ಹೆಸರು ಬರೆಸಿದೆ. ಕೂಸಿನ ಮೇಲೆ ನನಗೇಕೆ ಸಿಟ್ಟು? ಮುಗಿಸಿದ ಮೇಲೆ ಅವನು ಕೇಳಿದ: "ಬಾಜೂಕ ಅವ್ವನ ಹೆಸರೂ ಬರೀಲೇನ್ರಿ ಅಕ್ಕಾರ? ನಿಮ್ಮ ಹೆಸರೇನ್ರಿ?"

ನಾನು ಹೇಳಲಿಲ್ಲ. ಅಷ್ಟು ಜಾಗ ಖಾಲಿ ಬಿಡಿಸಿದ್ದೇನೆ. ಅವಳ ಹೆಸರು ನನಗೆ ಗೊತ್ತಿಲ್ಲ, ನೀವೇ ಬರೆಸಿಕೊಳ್ಳಿ.