ನಾಲ್ಕನೇ ಕವಲಿನಲ್ಲಿ ನಿಂತ ಇಂಜಿನ್

ಲೇರ್,
ಸೋಮವಾರ, ೧೫ ಅಕ್ಟೋಬರ್ ೨೦೧೮

ಪ್ರೀತಿಯ ತಂಗಿ ಫೋಲ್ಕೆಗೆ,

ಸೊಂಟನೋವು ಈಗ ಹೇಗಿದೆ? ಫ್ಲೆನ್ಸ್‌ಬುರ್ಗಿನ ಆ ಮೂರನೇ ಮಹಡಿಯ ಮೆಟ್ಟಿಲು ನೆನೆಸಿಕೊಂಡರೆ ನನಗೇ ಮಂಡಿ ಹಿಡಿದ ಹಾಗಾಗುತ್ತದೆ. ನೀನು ವಾರಕ್ಕೆರಡು ಸಲ ಈಜಲು ಹೋಗುತ್ತಿದ್ದೀಯೆಂದು ನಿನ್ನ ಮಗಳು ತಾಲ್ಕೆ ಫೋನಿನಲ್ಲಿ ಹೇಳಿದಳು. ಒಳ್ಳೆಯದಾಯಿತು, ಬಿಡಬೇಡ. ಚಿಕ್ಕಂದಿನಲ್ಲಿ ಕಾಲುವೆಗೆ ಇಳಿ ಎಂದರೆ ನನ್ನ ಅಂಗಿ ಹಿಡಿದುಕೊಂಡು ಅಳುತ್ತಿದ್ದವಳು ನೀನು. ನನ್ನ ಬಲಗಣ್ಣಿನ ಪೊರೆ ತೆಗೆದು ಒಂದು ತಿಂಗಳಾಯಿತು. ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ. ನನ್ನ ಅಕ್ಷರ ಇಷ್ಟು ಕೆಟ್ಟದಾಗಿದೆಯೆಂದು ಈಗಲೇ ಗೊತ್ತಾದದ್ದು. ಸಹಿಸಿಕೊಂಡು ಓದು. ಓದದೆ ಒಲೆಗೆ ಹಾಕಿದರೂ ನಿನ್ನ ತಪ್ಪೆನ್ನಲಾರೆ, ಆದರೆ ಕೊನೆಯವರೆಗೆ ಓದು ಎಂದು ಕೇಳಿಕೊಳ್ಳುತ್ತೇನೆ.

ನಮ್ಮ ಮಾದರಿ ರೈಲು ಸಂಘದ ಸುದ್ದಿ ನಿನಗೆ ಬೇಡವಾಗಿ ಎರಡು ವರ್ಷವಾಗುತ್ತ ಬಂತು. ಆದರೂ ಹೇಳಬೇಕು. ನಮ್ಮ ಹಳೇ ಸರಕು ಗೋದಾಮಿನಲ್ಲಿ ಬಂದರಿನ ಯಾರ್ಡಿನ ಮಾದರಿ ಹಾಗೇ ಇದೆ. ಸಂಘದ ನಮ್ಮ ಗೆಳತಿ ಗೇಶೆ ಅದರ ಕಾಲುವೆಯ ದಡಕ್ಕೆ ಹೊಸದಾಗಿ ಜೊಂಡು ನೆಟ್ಟಿದ್ದಾಳೆ, ಬಣ್ಣ ಹಾಕಿದ ಕುಂಚದ ಕೂದಲು ಅದು, ನೋಡಿದರೆ ಗಾಳಿ ಬೀಸಿದಂತೆ ಅನ್ನಿಸುತ್ತದೆ. ನಮ್ಮ ಅಧ್ಯಕ್ಷ ಹಿಂಡರ್ಕ್ ಅರವತ್ತು ವ್ಯಾಗನ್‌ಗಳಿಗೆ ಒಂದೊಂದಾಗಿ ತುಕ್ಕಿನ ಬಣ್ಣ ಹಚ್ಚಿದ್ದಾನೆ. ಆದರೆ ಯಾರ್ಡ್ ಇದ್ದು, ವ್ಯಾಗನ್ ಇದ್ದು, ಅವನ್ನು ಆಚೀಚೆ ತಳ್ಳಿ ಹೊಂದಿಸುವ ಪುಟ್ಟ ಶಂಟಿಂಗ್ ಇಂಜಿನ್ನೇ ಇಲ್ಲ. ಅಪ್ಪ ಮೂವತ್ತೊಂದು ವರ್ಷ ಓಡಿಸಿದ ಆ ಮೂರು ಜೊತೆ ಚಕ್ರದ ಕರೀ ಗುಜ್ಜಾರಿ ಇಲ್ಲದ ಯಾರ್ಡು. ಕಳೆದ ವರ್ಷದ ಪ್ರದರ್ಶನಕ್ಕೆ ಬಂದ ಹಳೆಯ ಬಂದರು ನೌಕರರೊಬ್ಬರು ಬಹಳ ಹೊತ್ತು ನೋಡಿ, ‘ಎಲ್ಲಾ ಸರಿ, ಇಲ್ಲಿ ಕೆಲಸ ಮಾಡೋರು ಯಾರು’ ಎಂದು ಕೇಳಿ ಹೋದರು. ಅದು ಹಿಂಡರ್ಕನಿಗೆ ಚುಚ್ಚಿತು. ಈ ನವೆಂಬರ್ ನಾಲ್ಕರ ಪ್ರದರ್ಶನದೊಳಗೆ ಒಂದು ಇಂಜಿನ್ ಬರಲೇಬೇಕೆಂದು ಎಲ್ಲರೂ ಕೈಯೆತ್ತಿದರು. ಆರಿಸುವ ಕೆಲಸ ನನ್ನ ತಲೆಗೆ ಬಂತು. ಹಳಿ ಹಾಸಿದವನು ನಾನು, ಅಪ್ಪನ ಹಿರಿಯ ಮಗ ನಾನು, ಇನ್ನು ಯಾರಿಗೆ ಹೇಳುತ್ತಾರೆ.

ನಾನು ಮೊದಲು ಉದ್ದನೆಯ ಇಂಜಿನ್ ಒಂದನ್ನು ತೋರಿಸಿದೆ. ಐದು ಜೊತೆ ಚಕ್ರದ್ದು, ದೂರದ ಕಲ್ಲಿದ್ದಲು ರೈಲು ಎಳೆಯುವಂಥದ್ದು. ಹಿಂಡರ್ಕ್ ಕನ್ನಡಕ ತೆಗೆದು ನನ್ನನ್ನೇ ನೋಡಿದ. ‘ಓಕೋ, ನಿಮ್ಮಪ್ಪನ ಯಾರ್ಡಿಗೆ ಇದನ್ನ ತಂದ್ರೆ ಕೋಳಿಗೂಡಿಗೆ ಎತ್ತು ಕಟ್ಟಿದ ಹಾಗಾಗುತ್ತೆ. ಕಣ್ಣಿನ ಆಪರೇಶನ್ ಆದಮೇಲೆ ಎಲ್ಲಾ ದೊಡ್ಡದಾಗಿ ಬೇಕನ್ಸುತ್ತಾ ನಿಂಗೆ?’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಓಲ್ಡನ್‌ಬುರ್ಗಿನ ಅಂಗಡಿಯಿಂದ ಪುಟ್ಟ ಉಗಿ ಇಂಜಿನ್‌ಗಳ ಮೂರು ಮಾದರಿ ತರಿಸಿದೆವು, ಒಂದು ವಾರ ಇಟ್ಟುಕೊಂಡು ಪರೀಕ್ಷೆ ಮಾಡಿ ಒಂದನ್ನು ಉಳಿಸಿಕೊಳ್ಳುವ ಕರಾರಿನ ಮೇಲೆ. ಒಂದಕ್ಕೆ ಎರಡೇ ಜೊತೆ ಚಕ್ರ, ಗುಬ್ಬಿಯ ಹಾಗಿತ್ತು. ಇನ್ನೊಂದಕ್ಕೆ ಚಿಮಣಿ ಸ್ವಲ್ಪ ಎತ್ತರ. ಮೂರನೆಯದು ಅಪ್ಪನದಕ್ಕೆ ಹತ್ತಿರ ಹತ್ತಿರ ಇತ್ತು.

ಗುರುವಾರ ಮಧ್ಯಾಹ್ನ ನಮ್ಮ ಮಾಮೂಲಿ ಪರೀಕ್ಷೆ. ನಿನಗೆ ನೆನಪಿದೆಯಲ್ಲ, ಬಯಲು ವ್ಯಾಗನ್ ಮೇಲೆ ಟೀಗೆ ಹಾಕುವ ಕಲ್ಲುಸಕ್ಕರೆಯ ಹರಳನ್ನು ನಿಲ್ಲಿಸಬೇಕು, ಇಂಜಿನ್ ಅದನ್ನು ಉರುಳಿಸದೆ ಯಾರ್ಡಿನ ತುದಿಯವರೆಗೆ ತಳ್ಳಬೇಕು. ಹಿಂಡರ್ಕನ ಮಾತೂ ಮಾಮೂಲಿಯದೇ: ‘ಶಂಟಿಂಗ್ ಇಂಜಿನ್ ಆರಿಸೋದು ಅಂದ್ರೆ ಅಳಿಯನ್ನ ಆರಿಸಿದ ಹಾಗೆ. ಮುಂದಕ್ಕೆ ಓಡೋದು ಎಲ್ರೂ ಓಡ್ತಾರೆ. ನಿಧಾನಕ್ಕೆ ಹಿಂದಕ್ಕೆ ಬರೋನು ಬೇಕು.’ ಗುಬ್ಬಿ ಇಂಜಿನ್ ಚೆನ್ನಾಗಿಯೇ ಹೊರಟಿತು, ಹಳಿಯ ನಾಲ್ಕನೇ ಕವಲಿಗೆ ಬಂದು ಗಪ್ಪೆಂದು ನಿಂತಿತು. ತೂಕ ಸಾಲದು ಎಂದೆ. ಎರಡನೆಯದೂ ಅಲ್ಲೇ ನಿಂತಿತು. ಚಕ್ರಕ್ಕೆ ಎಣ್ಣೆ ಮೆತ್ತಿದೆ ಎಂದೆ. ಮೂರನೆಯದೂ ಅದೇ ಜಾಗಕ್ಕೆ ಬಂದು ನಿಂತಾಗ ಹರಳು ಉರುಳಿ ಜೊಂಡಿನೊಳಗೆ ಬಿತ್ತು. ಮೋಟಾರು ಸರಿಯಿಲ್ಲ, ಮೂರನ್ನೂ ವಾಪಸ್ ಕಳಿಸೋಣ ಎಂದೆ. ಗೇಶೆ ಜೊಂಡಿನಿಂದ ಹರಳನ್ನು ಹೆಕ್ಕಿ ತನ್ನ ಬಟ್ಟಲಿಗೆ ಹಾಕಿಕೊಂಡಳು. ಏನೂ ಆಗಿಲ್ಲವೆಂಬಂತೆ ಹೇಳಿದಳು: ‘ಮೂರು ಜನ ಅಳಿಯಂದಿರೂ ಒಂದೇ ಮನೆ ಮುಂದೆ ಎಡವಿದ್ರೆ, ಅಳಿಯಂದಿರನ್ನ ಬೈತಾರಾ ಓಕೋ? ಹೊಸ್ತಿಲು ನೋಡಬೇಕಲ್ವಾ?’

ಎಪ್ಪತ್ತೊಂದರ ಆ ಹೆಂಗಸು ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಹಲಗೆಯ ಕೆಳಗೆ ತೆವಳಿ ಹೋದಳು. ನಾನು ಹೋಗುತ್ತೇನೆಂದರೂ ಕೇಳಲಿಲ್ಲ. ನಿನಗೆ ಬಿಡಿಸಿ ಹೇಳಬೇಕಿಲ್ಲ, ಆದರೂ ಬರೆಯುತ್ತೇನೆ, ಬರೆದರೆ ನನಗೇ ಒಳ್ಳೆಯದು. ಕವಲಿನಲ್ಲಿ ಎರಡು ಹಳಿ ಒಂದನ್ನೊಂದು ದಾಟುವ ಮೂಲೆಯಲ್ಲಿ ಬೆರಳುಗುರಿನಷ್ಟು ಒಂದು ತುಂಡು ಕಬ್ಬಿಣ ಇರುತ್ತದೆ. ಅದಕ್ಕೆ ಕೆಳಗಿನಿಂದ ಬೇರೆಯೇ ವೈರಿನಲ್ಲಿ ಕರೆಂಟು ಕೊಡಬೇಕು. ಉದ್ದನೆಯ ಇಂಜಿನ್ನಿಗೆ ಅದು ಸತ್ತಿದ್ದರೂ ಲೆಕ್ಕಕ್ಕಿಲ್ಲ, ಅದರ ಉಳಿದ ಚಕ್ರಗಳು ಆಚೀಚೆಯ ಹಳಿಯಿಂದ ಕರೆಂಟು ಹಿಡಿದಿರುತ್ತವೆ. ಪುಟ್ಟ ಇಂಜಿನ್ನಿಗೆ ಅದೇ ಗುಂಡಿ. ಗೇಶೆ ಒಳಗಿನಿಂದ ಒಂದು ವೈರು ಹಿಡಿದು ತೋರಿಸಿದಳು. ತುದಿ ಸುಲಿದಿದೆ, ಬೆಸುಗೆ ಬಿದ್ದೇ ಇಲ್ಲ. ಅದಕ್ಕೆ ಕಟ್ಟಿದ ಕಾಗದದ ಚೀಟಿಯ ಮೇಲೆ ‘೪’ ಎಂದು ನನ್ನದೇ ಕೈಬರಹ. ಹಳಿ ಹಾಸಿದಾಗ ನಾನು ಬೆಸೆಯಲು ಮರೆತದ್ದು.

ಹಿಂಡರ್ಕ್ ಮೂರು ಇಂಜಿನ್‌ಗಳನ್ನೂ ಸಾಲಾಗಿ ನಿಲ್ಲಿಸಿ ಸುಮ್ಮನೆ ಒರೆಸುತ್ತ ಕುಳಿತ. ಆಗ ಎಲ್ಲರಿಗೂ ನೆನಪಾದದ್ದು ಒಂದೇ ದಿನ. ಎರಡು ವರ್ಷದ ಹಿಂದಿನ ಪ್ರದರ್ಶನ, ನೀನು ಎರಡು ಚಳಿಗಾಲ ಕೂತು ಹಿತ್ತಾಳೆಯಲ್ಲಿ ಕಟ್ಟಿದ ಅಪ್ಪನ ಇಂಜಿನ್, ಇದೇ ನಾಲ್ಕನೇ ಕವಲು. ಇಂಜಿನ್ ನಿಂತಾಗ ನೀನು ಬೆರಳಿನಿಂದ ಮೆಲ್ಲಗೆ ತಳ್ಳಿದೆ. ನನ್ನ ಕೈಯಲ್ಲಿ ಮೈಕು ಇತ್ತು. ‘ಕಟ್ಟುಹಲ್ಲು ಮಾಡೋ ಕೈ ಇಂಜಿನ್ ಮಾಡಿದ್ರೆ ಇನ್ನೇನಾಗುತ್ತೆ. ಕಚ್ಚುತ್ತೆ, ಓಡಲ್ಲ’ ಎಂದೆ. ಇಡೀ ಗೋದಾಮು ನಕ್ಕಿತು. ನಲವತ್ತು ವರ್ಷ ಈ ಊರಿನ ಅರ್ಧ ಜನ ಊಟ ಮಾಡಿದ್ದು ನೀನು ಮಾಡಿಕೊಟ್ಟ ಹಲ್ಲಿನಲ್ಲಿ. ಅದೇ ಹಲ್ಲು ಕಾಣುವಂತೆ ನಕ್ಕರು, ನಗಿಸಿದವನು ನಾನು. ಓಡುವ ಇಂಜಿನ್ನಿಗೆ ಬೆರಳು ತಾಗಿಸಿದವರು ಆ ದಿನ ಎಲ್ಲರಿಗೂ ಟೀ ಮಾಡಬೇಕೆಂಬುದು ಸಂಘದ ನಿಯಮ. ನೀನು ಮಾಡಿದೆ. ಇಪ್ಪತ್ತಾರು ಬಟ್ಟಲಿಗೂ ಕಲ್ಲುಸಕ್ಕರೆ ಹಾಕಿ, ಟೀ ಸುರಿದು, ಅಂಚಿನಿಂದ ಕೆನೆ ಬಿಟ್ಟೆ. ನನ್ನ ಬಟ್ಟಲಿಗೂ. ನೀನು ಮಾತ್ರ ಒಂದೇ ಬಟ್ಟಲು ಕುಡಿದು ಚಮಚವನ್ನು ಅದರೊಳಗೆ ನಿಲ್ಲಿಸಿದೆ. ನಮ್ಮ ಅಮ್ಮನ ಮನೆಯಲ್ಲಿ ಮೂರು ಬಟ್ಟಲು ಕುಡಿಯುವ ಮೊದಲು ಯಾರೂ ಸಾಕೆಂದು ಚಮಚ ಇಟ್ಟದ್ದಿಲ್ಲ. ಇನ್ನು ಸಾಕು ಎಂದು ನೀನು ಹೇಳಿದ್ದು ಟೀಗೆ ಮಾತ್ರವಲ್ಲವೆಂದು ಆಗಲೇ ನನಗೆ ತಿಳಿಯಬೇಕಿತ್ತು. ನೀನು ಇಂಜಿನ್ನನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ಹೋದೆ, ಮಾರ್ಚಿಗೆ ಊರನ್ನೂ ಬಿಟ್ಟೆ.

ಆ ದಿನ ಯಾರೋ ತೆಗೆದ ಫೋಟೋ ಹಿಂಡರ್ಕನ ಬಳಿ ಇತ್ತು. ಹೊಸ ಕಣ್ಣಿನಲ್ಲಿ ನೋಡಿದೆ. ಚಾಲಕನ ಕಿಟಕಿಯ ಕೆಳಗೆ ಒಂದು ಕೊಕ್ಕೆ, ಅದರಲ್ಲಿ ಅಕ್ಕಿಕಾಳಿನಷ್ಟು ಒಂದು ಡಬ್ಬಿ. ಅಪ್ಪನ ಬುತ್ತಿ ಡಬ್ಬಿ. ಮಧ್ಯಾಹ್ನ ನಾವಿಬ್ಬರೂ ಅದನ್ನು ಒಯ್ದು ಕೊಟ್ಟರೆ ಅಪ್ಪ ಅಲ್ಲೇ ನೇತುಹಾಕುತ್ತಿದ್ದರು, ಬಾಯ್ಲರಿನ ಕಾವಿಗೆ ಬಟಾಣಿ ಸಾರು ಬಿಸಿಯಾಗಿರಲಿ ಎಂದು. ನನಗೆ ಮರೆತೇ ಹೋಗಿತ್ತು. ನೀನು ಮರೆತಿರಲಿಲ್ಲ. ನೀನು ಕಟ್ಟಿದ್ದು ಏನೆಂದು ಆ ದಿನ ನಾನು ಬಗ್ಗಿ ನೋಡಲೇ ಇಲ್ಲ.

ಮೂರು ಇಂಜಿನ್‌ಗಳನ್ನೂ ಶುಕ್ರವಾರ ಓಲ್ಡನ್‌ಬುರ್ಗಿಗೆ ವಾಪಸ್ ಕಳಿಸಿದೆವು. ಅಪ್ಪನ ಯಾರ್ಡಿಗೆ ಇಂಜಿನ್ ಆರಿಸುವ ಕೆಲಸವನ್ನು ನಾನು ಬಿಟ್ಟೆ. ಆರಿಸಬೇಕಾದದ್ದು ಒಂದೇ ಇದೆ, ಅದು ಫ್ಲೆನ್ಸ್‌ಬುರ್ಗಿನಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಕೊಡು ಎಂದು ಕೇಳುವ ಬಾಯಿ ನನಗಿಲ್ಲ. ನವೆಂಬರ್ ನಾಲ್ಕಕ್ಕೆ ನೀನು ಬಾರದಿದ್ದರೆ ಯಾರ್ಡು ಖಾಲಿಯೇ ಇರುತ್ತದೆ, ಕೇಳಿದವರಿಗೆ ಕಾರಣವನ್ನು ಅದೇ ಮೈಕಿನಲ್ಲಿ ನಾನೇ ಹೇಳುತ್ತೇನೆ. ಬಂದರೂ ಹೇಳುತ್ತೇನೆ. ಆ ದಿನದ ಟೀ ನನ್ನದು, ಬೆರಳು ಯಾರು ತಾಗಿಸಲಿ ಬಿಡಲಿ.

ತಾಲ್ಕೆಗೆ ನನ್ನ ಆಶೀರ್ವಾದ. ಚಳಿ ಶುರುವಾಗಿದೆ, ಸೊಂಟಕ್ಕೆ ಉಣ್ಣೆಯ ಪಟ್ಟಿ ಕಟ್ಟಿಕೋ. ಗೇಶೆ, ಹಿಂಡರ್ಕ್ ಇಬ್ಬರೂ ನಿನ್ನನ್ನು ಕೇಳಿದ್ದಾರೆ.

ತಲೆ ಎತ್ತಲಾರದ ನಿನ್ನ ಅಣ್ಣ,
ಓಕೋ

ಮರೆತ ಮಾತು: ಅಂಚೆಯವಳ ಸೈಕಲ್ಲು ಆಗಲೇ ಬೀದಿಯ ತಿರುವಿನಲ್ಲಿದೆ, ಮನಸ್ಸು ಬದಲಾಗುವ ಮೊದಲು ಬರೆದುಬಿಡುತ್ತೇನೆ. ಮರೆತ ಮಾತೆಂದದ್ದೂ ಸುಳ್ಳು. ಗೇಶೆ ವೈರು ತೋರಿಸಿದಾಗ ನಾನು ಬೆರಗಾದವನಂತೆ ನಿಂತೆ, ಅಷ್ಟೇ. ಆ ಪ್ರದರ್ಶನದ ಮರು ಜನವರಿಯಲ್ಲೇ ದೀಪದ ವೈರು ಸರಿಮಾಡಲು ಕೆಳಗೆ ಹೋದಾಗ ಅದನ್ನು ಕಂಡಿದ್ದೆ. ನೀನಿನ್ನೂ ಊರಲ್ಲೇ ಇದ್ದೆ, ನಿನ್ನ ಮನೆ ಎರಡು ಬೀದಿಯಾಚೆ. ಬೆಸೆದರೆ ಹೊಸ ಬೆಸುಗೆ ಯಾರ ಕಣ್ಣಿಗಾದರೂ ಬಿದ್ದು ತಪ್ಪು ನನ್ನದೆಂದು ತಿಳಿಯುತ್ತದೆಂದು ಹಾಗೇ ಬಿಟ್ಟೆ. ಈ ಸಲ ಆ ಉದ್ದನೆಯ ಇಂಜಿನ್ ಆರಿಸಿದ್ದೂ ಅದಕ್ಕೇ, ಅದು ಗುಂಡಿಯನ್ನು ದಾಟಿಬಿಡುತ್ತದೆ ಎಂದು. ಇದನ್ನು ಅವರಿಬ್ಬರಿಗೂ ಇನ್ನೂ ಹೇಳಿಲ್ಲ, ಮೊದಲು ನಿನಗೆ. ವೈರು ಈಗಲೂ ನೇತಾಡುತ್ತಿದೆ. ನೀನು ನೋಡುವವರೆಗೆ ಯಾರೂ ಮುಟ್ಟಬೇಡಿ ಎಂದಿದ್ದೇನೆ. ನಿನ್ನ ಇಂಜಿನ್ನನ್ನು ಒಂದು ದಿನ ಗೊತ್ತಿಲ್ಲದೆ ನಿಲ್ಲಿಸಿದೆ, ಫೋಲ್ಕೆ. ಆಮೇಲೆ ಎರಡು ವರ್ಷ ಗೊತ್ತಿದ್ದೇ ನಿಲ್ಲಿಸಿದೆ.